ಸ್ಟುಡಿಯೋದಲ್ಲಿ ವಾಸಿಯಾದ ಕೈ

ಬೆಳಿಗ್ಗೆ ಬಸವಕಲ್ಯಾಣದ ನಮ್ಮ ಕಿರಾಣಿ ಅಂಗಡಿಯಲ್ಲಿ ಅರ್ಧ ಕಿಲೋ ಸಕ್ಕರೆಯ ಪುಡಿಕೆ ಕಟ್ಟುತ್ತಿದ್ದೆ. ದಾರ ಜಾರಿತು. ದಾರಕ್ಕೆ ಬೈದೆ. ಮತ್ತೆ ಸುತ್ತಿದೆ, ಮತ್ತೆ ಜಾರಿತು. ದಾರ ಮಾರಿದವನ ಮನೆತನಕ್ಕೂ ಬೈದೆ. ಆಮೇಲೆ ಸಕ್ಕರೆಯೆಲ್ಲ ಚೆಲ್ಲಿತು.

ಬಲಗೈ ಎತ್ತಲು ಬರಲಿಲ್ಲ.

ಸ್ಟ್ರೋಕ್ ಅಂದರು. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದೆ. ಕಾಲು ಮಾತು ಕೇಳಿತು. ಬಾಯಿಗಂತೂ ಏನೂ ಆಗಿರಲಿಲ್ಲ, ಅದೇ ತನ್ನ ದುರದೃಷ್ಟ ಎನ್ನುತ್ತಾಳೆ ಹೆಂಡತಿ ಶಾಂತಾ. ಬಲಗೈ ಬೆರಳುಗಳು ಮಾತ್ರ ಒಳಕ್ಕೆ ಮಡಚಿಕೊಂಡು ಕುಳಿತವು. ಮೂವತ್ತು ವರ್ಷ ಪೇಪರ್ ಮಡಚಿ, ಮೇಲೆ ತೂಗುವ ಉಂಡೆಯಿಂದ ದಾರ ಎಳೆದು, ಹರಟೆ ಹೊಡೆಯುತ್ತಲೇ ಪುಡಿಕೆ ಕಟ್ಟಿದ ಕೈ ಅದು. ಅಂಗಡಿಯಲ್ಲಿ ನನ್ನ ಗಾದಿಗೆ ಕುಳಿತ ತಮ್ಮ ಸಕ್ಕರೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುಂಬತೊಡಗಿದ. ಅದನ್ನು ಕೇಳಿ ಸ್ಟ್ರೋಕ್‌ಗಿಂತ ಹೆಚ್ಚು ಸಂಕಟವಾಯಿತು. ಗಾದಿಗೆ ಮರಳಬೇಕು ಅನ್ನುವುದೊಂದೇ ಹಟ ಹಿಡಿದೆ.

"ಹುಮನಾಬಾದ್ ಮೇಡಂ ಹ್ಞೂಂ ಅನ್ನೋತನಕಾ ಅಂಗಡಿ ಹೆಸರು ತಗೀಬ್ಯಾಡ್ರಿ," ಅಂದಳು ಶಾಂತಾ.

ಮೇಡಂ ಅಂದರೆ ಆಕ್ಯುಪೇಶನಲ್ ಥೆರಪಿಸ್ಟ್. ದಿನದ ಕೆಲಸಗಳನ್ನು ಕೈಗೆ ಮತ್ತೆ ಕಲಿಸುವವರು. ವಾರವಾರ ಬಸ್ಸಿನಲ್ಲಿ ಹೋಗಿಬರುವುದು ನನ್ನಿಂದ ಆಗಲಿಲ್ಲ.

"ತಿಂಗಳಿಗೊಮ್ಮೆ ಬರ್ರಿ ಕಾಕಾರ. ನಡುವ ಗ್ಲಾಸ್ ಹಿಡಿಯೋದು, ಗುಂಡಿ ಹಾಕೋದು, ಪುಡಿಕಿ ಕಟ್ಟೋದು ಫೋಟೋ ತೆಗಿಸಿ ಈಮೇಲ್ ಮಾಡಸ್ರಿ," ಅಂದರು.

ಆಗ ನಮ್ಮ ಓಣಿಯಲ್ಲಿ ಡಿಜಿಟಲ್ ಕ್ಯಾಮೆರಾ, ಇಂಟರ್ನೆಟ್ ಎರಡೂ ಇದ್ದದ್ದು ರಫೀಕನ ಫೋಟೋ ಸ್ಟುಡಿಯೋದಲ್ಲಿ ಮಾತ್ರ. ಫೋಟೋ ಅಂದಮೇಲೆ ಶಾಂತಾ ಇಸ್ತ್ರಿ ಅಂಗಿ ತೊಡಿಸಿ, ವಿಭೂತಿ ಹಚ್ಚಿ, ಕೈಗೂ ಪೌಡರ್ ಬಳಿದಳು. ರಫೀಕ ಹಿಂದೆ ಗುಲಾಬಿ ತೋಟದ ಪರದೆ ಇಳಿಬಿಟ್ಟ. ಖಾಲಿ ಗ್ಲಾಸಿಗೆ ಕೈ ತಾಗಿಸಿ ಹಲ್ಲು ಕಿರಿದು ಕುಳಿತೆ.

ಮರುದಿನ ಕಂಪ್ಯೂಟರಿನಲ್ಲಿ ನೋಡಿದರೆ ಐದೂ ಬೆರಳು ಗ್ಲಾಸನ್ನು ಗಟ್ಟಿಯಾಗಿ ಹಿಡಿದಿದ್ದವು!

ವರನ ಕಡೆಗೆ, ವಧುವಿನ ಕಡೆಗೆ ಕಳಿಸುವ ಫೋಟೋಗಳಲ್ಲಿ ಮೊಡವೆ, ಮೆಳ್ಳೆಗಣ್ಣು ತಿದ್ದಿಯೇ ಕೊಡುವುದು ರಫೀಕನ ರಿವಾಜು. "ಹೊರಗಿನವರಿಗಿ ಸೊಟ್ಟ ಕೈ ಹ್ಯಾಂಗ ಕಳಿಸ್ಲಿ ಕಾಕಾ? ಹ್ವಾದ ತಿಂಗಳ ಮದುಮಗನ ಕೈ ಹಚ್ಚೀನ್ರಿ," ಅಂದ.

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಆ ಕೈಯನ್ನು ಬಹಳ ಹೊತ್ತು ನೋಡಿದೆ, ಕಣ್ಣು ತುಂಬಿ ಬಂತು. ಗಾದಿಯೂ ನೆನಪಾಯಿತು. "ಕಳಿಸು," ಅಂದೆ.

ಮೇಡಂ ಕೂಡಲೇ ಫೋನ್ ಮಾಡಿ ಕರೆಸಿದರು. ನೀರು ತುಂಬಿದ ಗ್ಲಾಸ್ ಇಟ್ಟು, "ಎತ್ರಿ," ಅಂದರು. ನೀರೆಲ್ಲ ಅವರ ರಿಜಿಸ್ಟರಿನ ಪಾಲಾಯಿತು. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು.

"ಕಾಕಾರ, ಫೋಟೋದಾಗಿನ ಈ ಉಂಗುರ ನಿಮ್ಮ ಕೈಯಾಗ ಎಲ್ಲಿ ಅದರಿ?"

ಶಾಂತಾ ನನ್ನನ್ನು ನೋಡಿದಳು. ನಾನು ಫ್ಯಾನ್ ನೋಡಿದೆ. ಕೊನೆಗೆ ಎಲ್ಲವನ್ನೂ ಒಪ್ಪಿಕೊಂಡೆ. ಮೇಡಂ ನಕ್ಕು ನಕ್ಕು ಸುಸ್ತಾದರು. ಆಮೇಲೆ ಮೆಲ್ಲಗೆ ಅಂದರು, "ಮದುಮಗನ ಕೈಗಿ ನನ್ನಿಂದ ಏನೂ ಆಗಬೇಕಾಗಿಲ್ರಿ. ನಿಮ್ಮ ಕೈ ಎಷ್ಟು ಸೊಟ್ಟ ಅದ ಅಂತ ಕಂಡ್ರನೇ ನನಗ ಮುಂದಿನ ಕೆಲಸ ಹೇಳಾಕ ಬರ್ತದ."

ಅಂದಿನಿಂದ ರಫೀಕ ಮುಖ ಗಂಟಿಕ್ಕಿಕೊಂಡು ಮನೆಗೇ ಬಂದು, ಇದ್ದದ್ದನ್ನು ಇದ್ದ ಹಾಗೆ ತೆಗೆದ. ದಿನವೂ ನೋಡುವ ನನಗೆ ಕೈ ಇದ್ದಲ್ಲೇ ಇದೆ ಅನ್ನಿಸುತ್ತಿತ್ತು. ಮೂರನೇ ತಿಂಗಳು ಮೇಡಂ ಹಳೆಯ, ಹೊಸ ಫೋಟೋಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಹೆಬ್ಬೆರಳು ಹೊರಗೆ ಬಂದಿತ್ತು. ನನಗೆ ಮಾತೇ ಹೊರಡಲಿಲ್ಲ.

"ಹಿಂಗ ಸುಮ್ನ ಕುಂತಿದ್ದು ಒಂದು ಫೋಟೋ ತಗೀರಿ ಮೇಡಂ," ಅಂದಳು ಶಾಂತಾ.

ಐದನೇ ತಿಂಗಳು ಒಂದು ಪುಡಿಕೆ ಕಟ್ಟಿದೆ. ಕಾಲು ಗಂಟೆ ಹಿಡಿಯಿತು. ಮೂಲೆಯಿಂದ ಸಕ್ಕರೆ ಸೋರುತ್ತಿತ್ತು. ರಫೀಕನಿಗೆ ತಡೆಯಲಾಗಲಿಲ್ಲ.

"ಕಾಕಾ, ಫೋಟೋದಾಗ ಆ ಮೂಲಿ ಅಷ್ಟು ಬಂದ್ ಮಾಡ್ಲ್ಯಾ?"

"ಮುಟ್ಟಿದ್ರ ನೋಡು!" ಅಂದೆ.

ಸೋರುವ ಪುಡಿಕೆಯ ಫೋಟೋವೇ ಹುಮನಾಬಾದಿಗೆ ಹೋಯಿತು. ದಿನಕ್ಕೆರಡು ತಾಸು ಗಾದಿಗೆ ಕೂಡಬಹುದು ಎಂದು ಉತ್ತರ ಬಂತು.

ಈಗ ಕೂಡುತ್ತಿದ್ದೇನೆ. ಕೈ ಪೂರ್ತಿ ನೆಟ್ಟಗಾಗಲಿಕ್ಕಿಲ್ಲ ಎಂದು ಮೇಡಂ ಹೇಳಿದ್ದಾರೆ. ಪಕ್ಕದಲ್ಲೇ ತಮ್ಮನ ಪ್ಲಾಸ್ಟಿಕ್ ಚೀಲಗಳು ತಯಾರಿರುತ್ತವೆ. ಆದರೂ ಹಳೆಯ ಗಿರಾಕಿಗಳು ನನ್ನ ಪುಡಿಕೆಗೇ ಕಾಯುತ್ತಾರೆ. ಕೊಟ್ಟ ಮೇಲೆ ಎರಡೂ ಕೈಯಲ್ಲಿ ಹುಷಾರಾಗಿ ಹಿಡಿದುಕೊಂಡು ಮನೆಗೆ ಹೋಗುತ್ತಾರೆ.