ಚಪ್ಪಲಿ ಸ್ಟ್ಯಾಂಡಿನ ಮೇಲಿನ ಫೈರ್‌ವಾಲ್

ನಮ್ಮ ಯಜಮಾನರು ಮಲ್ಲಿಕಾರ್ಜುನ್ ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಸಿಗರೇಟಿಲ್ಲ, ಇಸ್ಪೀಟಿಲ್ಲ, ಯಾರ ತಂಟೆಗೂ ಹೋಗುವವರಲ್ಲ. ಕ್ಯಾತ್ಸಂದ್ರದ ನಮ್ಮ ಬೀದಿಯ ಹೆಂಗಸರು, “ಗಂಗಾಂಬಿಕೆ, ನೀವು ಪುಣ್ಯ ಮಾಡಿದ್ರಿ” ಎನ್ನುತ್ತಾರೆ. ಅವರ ಮನೆಯ ಚಪ್ಪಲಿ ಸ್ಟ್ಯಾಂಡಿನ ಮೇಲೆ ಆ ಪೆಟ್ಟಿಗೆ ಇಲ್ಲವಲ್ಲ, ಅದಕ್ಕೇ ಅನ್ನುತ್ತಾರೆ.

ಪೆಟ್ಟಿಗೆ ಎಂದರೆ ಒಂದು ಹಳೆಯ ಕಂಪ್ಯೂಟರ್. ಇಂಟರ್ನೆಟ್ ಮೊದಲು ಅದರೊಳಗೆ ಹೋಗಿ, ಅದು ಸೋಸಿ ಬಿಟ್ಟಿದ್ದು ಮಾತ್ರ ಮನೆಗೆ ಬರಬೇಕು. ಕಂಪನಿಯವರು ಕೊಟ್ಟ ರೌಟರ್ ಚೆನ್ನಾಗಿಯೇ ಇತ್ತು. ಒಮ್ಮೆ ನಾನು ಯಾವುದೋ ಲಿಂಕ್ ಒತ್ತಿ, ಲ್ಯಾಪ್‌ಟಾಪಿಗೆ ವೈರಸ್ ಬಂದು, ಪಾಠಕ್ಕೆಂದು ಮಾಡಿಟ್ಟಿದ್ದೆಲ್ಲ ಅಳಿಸಿಹೋಗಿ, ಕೂತು ಅತ್ತುಬಿಟ್ಟೆ. ಅವತ್ತೇ ಇವರು ನನಗೊಂದು ಫೈರ್‌ವಾಲ್, ಅಂದರೆ ವೈರಸ್ ತಡೆಯುವ ಗೋಡೆ, ಕಟ್ಟಲು ಹೊರಟರು. ಗೋಡೆ ಎದ್ದಿತು, ಆದರೆ ಅದರ ನೆಟ್‌ವರ್ಕ್ ಕಾರ್ಡನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ನೆಟ್ಟಗೆ ಕೂರಲಿಲ್ಲ. ಚೆನ್ನಾಗಿ ನಡೆಯುತ್ತಿರುವಾಗ ಪಟ್ಟನೆ ನಿಲ್ಲುತ್ತದೆ, ಮನಸ್ಸು ಬಂದಾಗ ತಾನೇ ಏಳುತ್ತದೆ. ಇವರು ಹೊಸ ಡ್ರೈವರ್ ಹಾಕುತ್ತಾರೆ, ಅಪ್‌ಡೇಟ್ ಬಂದು ಅದನ್ನು ಕಿತ್ತುಹಾಕುತ್ತದೆ, ಇವರು ಮತ್ತೆ ಹಾಕುತ್ತಾರೆ. ಮುದ್ದೆ ಮುರಿಯುವಾಗಲೂ ಅದೇ ಮಾತು. ಕೇಳಿ ಕೇಳಿ ನನ್ನ ಕಿವಿ ತೂತು ಬಿದ್ದಿದೆ.

ನಾನು ಮನೆಯಿಂದಲೇ ಆನ್‌ಲೈನಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ. ಕಲಿಯುವವರು ಗುಬ್ಬಿಯ ಮಂಡಿಯವರು, ಕುಣಿಗಲ್ಲಿನ ಅಂಗಡಿಯವರು. ತುಮಕೂರಿನ ಒಂದು ತರಬೇತಿ ಸಂಸ್ಥೆ ನನ್ನನ್ನು ಕಾಯಂ ಮಾಡಿಕೊಳ್ಳಲು ಮನಸ್ಸು ಮಾಡಿತು. ಅದಕ್ಕೆ ಮೊದಲು ಅವರ ಕಡೆಯ ಶೃತಿ ಮೇಡಂ ನನ್ನದೊಂದು ಪಾಠ ನೋಡಬೇಕು. ದಿನ ನೀವೇ ಹೇಳಿ ಎಂದರು. ವಿದ್ಯೆಗೆ ಒಳ್ಳೆಯದೆಂದು ವಿಜಯದಶಮಿ ಹೇಳಿದೆ. ಮದುವೆಯಾದ ಮೇಲೆ ನನ್ನದು ಎಂದುಕೊಳ್ಳುವ ಕೆಲಸ ಅದೊಂದೇ, ಅದು ನನಗೆ ಬೇಕೇ ಬೇಕಿತ್ತು. ವಿಜಯದಶಮಿಯ ಹಿಂದಿನ ದಿನ ಆಯುಧಪೂಜೆ ಎನ್ನುವುದು ಮಾತ್ರ ತಲೆಗೆ ಹೊಳೆಯಲಿಲ್ಲ.

ಪೂಜೆಯ ದಿನ ನಮ್ಮತ್ತೆ ಮಹಾಲಕ್ಷ್ಮಮ್ಮ ಸ್ಕೂಟರು, ಮಿಕ್ಸಿ, ಈಳಿಗೆಮಣೆಗೆಲ್ಲ ವಿಭೂತಿ ಹಚ್ಚಿ ಪೆಟ್ಟಿಗೆಯ ಮುಂದೆ ಬಂದು ನಿಂತರು.

“ಇದ್ಯಾಕೋ ಉರೀತಾ ಐತೆ? ಇವತ್ತೊಂದಿನ ಆಯುಧ ಸುಮ್ನಿರ್ಬೇಕು ಕಣೋ. ಆರ್ಸು.”

“ಅವ್ವ, ಇದನ್ನ ಆರ್ಸಂಗಿಲ್ಲ. ಈಗ ನೆಟ್ಟಗೆ ಓಡ್ತಾ ಐತೆ.”

“ವರ್ಷವೆಲ್ಲ ದುಡಿಸ್ಕೊಂಡು ಒಂದಿನ ಬಿಡಕ್ಕಾಗಲ್ವಾ ನಿಂಗೆ?”

ಇಡೀ ಶಾಲೆಯನ್ನು ಗದರಿಸುವ ಮೇಷ್ಟ್ರು ಸ್ವಿಚ್ ಒತ್ತಿ ಆರಿಸಿದರು. ಸಂಜೆ ಮತ್ತೆ ಹಾಕಿದರೆ, ಯಾವಾಗಲೋ ಬಂದು ಕಾಯುತ್ತಿದ್ದ ಅಪ್‌ಡೇಟ್ ಒಳಗೆ ಕೂತಿತ್ತು, ಇವರು ಹಾಕಿದ್ದ ಡ್ರೈವರ್ ಮಾಯವಾಗಿತ್ತು.

“ನಾಳೆ ಒಂದಿನ ಹಳೇ ರೌಟರ್ ಹಾಕ್ರೀ” ಎಂದೆ.

“ಗೋಡೆ ಇಲ್ದೆ ನಿನ್ನ ಕೂರಿಸ್ತೀನಾ? ಬೆಳಿಗ್ಗೆ ಹೊತ್ಗೆ ಸರಿ ಮಾಡ್ತೀನಿ ಕಣೇ.”

ಬೆಳಿಗ್ಗೆ ಸರಿ ಹೋಯ್ತು ಎಂದರು. ಹಳೇ ಡ್ರೈವರೂ ಜೊತೆಗೆ ಎದ್ದೇಳ್ತಾ ಇದೆ, ಪರ್ವಾಗಿಲ್ಲ ಎಂದು ಗೊಣಗಿದ್ದೂ ಕೇಳಿಸಿತು.

ಪಾಠ ಶುರುವಾಯಿತು. ಗುಬ್ಬಿಯ ಅಡಿಕೆ ಮಂಡಿಯ ದ್ಯಾವಪ್ಪ ಏನೋ ಕೇಳಲು ಬಾಯಿ ತೆರೆದರು, ತೆರೆದ ಬಾಯಿ ತೆರೆದ ಹಾಗೇ ನಿಂತಿತು. ಶೃತಿ ಮೇಡಂ ಕೂಡ ಅಲುಗಾಡಲಿಲ್ಲ. ಲೈನ್ ಹೋಗಿತ್ತು. ಇವರು ನೆಲದ ಮೇಲೆ ಕೂತು ಕೀಬೋರ್ಡ್ ಕುಟ್ಟುತ್ತಿದ್ದರು. ಆ ಕಡೆ ತಿರುಗಿದೆ, ನನ್ನ ಪಿತ್ತ ನೆತ್ತಿಗೇರಿತು.

“ಕಾರ್ಡ್ ಸರಿ ಇದೆ, ಕಂಪ್ಯೂಟರ್ ಸರಿ ಇದೆ. ಡ್ರೈವರ್ ಅಂದ್ರೆ ಇವೆರಡ್ರ ಮಧ್ಯೆ ಇರೋ ದಲ್ಲಾಳಿ. ಇವನ ಮಾತು ಅವನಿಗೆ, ಅವನ ಮಾತು ಇವನಿಗೆ ಹೇಳ್ಬೇಕು. ಹಳೇ ದಲ್ಲಾಳಿ ನಿದ್ದೆ ಹೊಡೀತಾನೆ ಅಂತ ಹೊಸಬನ್ನ ಕರ್ಕೊಂಡ್ ಬಂದ್ರಿ, ಸರಿ. ಹಳಬನ್ನ ಆಚೆ ಕಳ್ಸಿದ್ರಾ? ಇಲ್ಲ. ಇಬ್ರೂ ಒಂದೇ ಗದ್ದಿಗೆ ಮೇಲೆ ಕೂತ್ರೆ ಗುಬ್ಬಿ ಮಂಡಿಲಿ ಒಂದ್ ಮೂಟೆ ಅಡಿಕೆನಾದ್ರೂ ಆಚೆ ಹೋಗುತ್ತಾ? ನಂದು ಅಂತ ಒಂದೇ ಒಂದ್ ಕೆಲ್ಸ ಬಂದಿತ್ತು, ಅದನ್ನೂ ನಿಮ್ ಪೆಟ್ಟಿಗೆ ನುಂಗಿ ಹಾಕ್ತು.”

“ಸರ್ಯಾಗ್ ಹೇಳಿದ್ರಿ ಮೇಡಂ” ಎಂದಿತು ಲ್ಯಾಪ್‌ಟಾಪ್.

ಆ ಹಾಳು ಕಾರ್ಡ್ ತಾನೇ ಎದ್ದು ಕೂತಿತ್ತು. ಯಾವಾಗ ಎದ್ದಿತೋ ದೇವರೇ ಬಲ್ಲ. ದ್ಯಾವಪ್ಪ ಮುಂದುವರಿಸಿದರು: “ಹಳೇ ದಲ್ಲಾಳಿನ ಮೊದ್ಲು ಆಚೆ ಕಳ್ಸಕ್ಕೇಳಿ ಮೇಷ್ಟ್ರಿಗೆ. ಇಬ್ರನ್ನೂ ಮಡಿಕ್ಕಂಡ್ರೆ ಯಾಪಾರ ಆಗಕಿಲ್ಲ.”

ಕುಣಿಗಲ್ಲಿನವರೆಲ್ಲ ಹೌದೌದು ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನುವಷ್ಟು ನಾಚಿಕೆಯಾಯಿತು. ಇವರು ತಲೆ ಎತ್ತದೆ ಹಳೇ ಡ್ರೈವರ್ ಏಳದಂತೆ ಏನೋ ಒಂದು ಸಾಲು ಬರೆದು ಪೆಟ್ಟಿಗೆಯನ್ನು ಆರಿಸಿ ಮತ್ತೆ ಹಾಕಿದರು. ಅಲ್ಲಿಂದ ಪಾಠ ಮುಗಿಯುವವರೆಗೂ ಲೈನ್ ಅಲ್ಲಾಡಲಿಲ್ಲ.

ಎಲ್ಲರೂ ಹೋದ ಮೇಲೆ ಶೃತಿ ಮೇಡಂ ಉಳಿದರು. “ನೀವು ಬಯ್ತಾನೇ ಇಷ್ಟು ಚೆನ್ನಾಗಿ ಅರ್ಥ ಮಾಡಿಸ್ತೀರಲ್ಲ. ಬರೋ ತಿಂಗಳಿಂದ ಸೇರ್ಕೊಳ್ಳಿ” ಎಂದರು. ಕಣ್ಣಲ್ಲಿ ನೀರು ಬಂತು, ಸೆರಗಿನಲ್ಲಿ ಒರೆಸಿಕೊಂಡೆ.

ಊಟಕ್ಕೆ ಕೂತಾಗ ಇವರು, “ನೋಡಿದ್ಯಾ, ನನ್ ಪೆಟ್ಟಿಗೆಯಿಂದ್ಲೇ ನಿಂಗೆ ಕೆಲ್ಸ ಸಿಕ್ಕಿದ್ದು” ಎಂದರು.

“ನಾನು ಆರ್ಸು ಅಂದಿದ್ಕೆ ಸಿಕ್ಕಿದ್ದು” ಎಂದರು ಅತ್ತೆ.

ಪಾಠ ಹೇಳಿದ್ದು ನಾನು ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ನನ್ನ ಎಲೆಗೆ ಇನ್ನೊಂದು ಒಬ್ಬಟ್ಟು ಹಾಕಿ, ಅದರ ಮೇಲೆ ತುಪ್ಪ ಬಡಿಸಿದರು.