ವಾಚ್ ದಾಗೀನಲ್ಲ

ವಾಚ್ ದಾಗೀನಲ್ಲ ಎಂದು ಒಮ್ಮೆ ವಾದ ಮಾಡಿ ಗೆದ್ದವಳು ನಾನು. ನಮ್ಮ ಕಡೆ ಒಡವೆಗೆ ದಾಗೀನ ಎನ್ನುತ್ತಾರೆ. ಗಂಡ ತೀರಿಕೊಂಡಾಗ ಮನೆಯ ಹಿರಿಯ ಹೆಂಗಸರು ನನ್ನನ್ನು ನಡುಮನೆಯಲ್ಲಿ ಕೂಡಿಸಿ ಎರಡೂ ಕೈಯ ಹಸಿರು ಬಳೆ ಒಡೆದರು, ತಾಳಿ ತೆಗೆದರು, ಕಾಲುಂಗುರ ತೆಗೆದರು. ಅದೇ ಭರಾಟೆಯಲ್ಲಿ ಅತ್ತೆ ನನ್ನ ಎಡಗೈಯ ವಾಚನ್ನೂ ಬಿಚ್ಚಿ ಕಪಾಟಿನಲ್ಲಿಟ್ಟು ಕೀಲಿ ಹಾಕಿದರು. ಅವರ ಕಣ್ಣಿಗೆ ಅದೂ ಮುತ್ತೈದೆಯ ಸಾಮಾನೇ.

ನಾನು ಚಿಕ್ಕೋಡಿಯ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಹುಡುಗಿಯರಿಗೆ ಖೋ ಖೋ ಕಲಿಸುತ್ತೇನೆ. ಕರ್ಮಾಂತರ ಮುಗಿದು ಮತ್ತೆ ಶಾಲೆಗೆ ಹೊರಟ ದಿನ ಅತ್ತೆಯ ಮುಂದೆ ನಿಂತು ವಾಚು ಕೇಳಿದೆ. ಅವರು ತಲೆ ಅಲ್ಲಾಡಿಸಿದರು. ಆಗ ನಾನು, ಅದು ದಾಗೀನಲ್ಲ, ಆಟ ಆಡಿಸಲು ಊದುವ ಸೀಟಿ ಇದ್ದ ಹಾಗೆ, ಕೆಲಸದ ಸಾಮಾನು ಎಂದೆ. ಅತ್ತೆ ಸ್ವಲ್ಪ ಯೋಚಿಸಿ ಕೀಲಿ ತೆಗೆದರು. ತಾಳಿ ಹೋದ ಕೊರಳಲ್ಲಿ ಸೀಟಿ ಉಳಿಯಿತು, ಬಳೆ ಹೋದ ಕೈಯಲ್ಲಿ ವಾಚು ಉಳಿಯಿತು. ಗೆದ್ದೆ ಎಂದು ಹಿಗ್ಗಿದೆ. ಆ ಗೆಲುವಿಗೆ ನಾನೇ ಕಟ್ಟುಬಿದ್ದಿದ್ದೇನೆ ಎಂದು ತಿಳಿಯಲು ವರ್ಷಗಳೇ ಬೇಕಾದವು.

ವಾಚಿನ ಹುಚ್ಚು ನನಗೆ ಮೊದಲಿನಿಂದಲೂ ಇದೆ. ಮೊದಲ ಪಗಾರದಲ್ಲಿ ಎಲ್ಲರೂ ಸೀರೆ ಕೊಂಡರೆ ನಾನು ಗಂಡಸರ ವಾಚು ಕೊಂಡವಳು. ಈಗಂತೂ ಮೊಬೈಲಿನಲ್ಲಿ ಜಗತ್ತಿನ ವಾಚುಗಳನ್ನೆಲ್ಲ ಬಿಚ್ಚಿ ತೋರಿಸುವ ವಿಡಿಯೋಗಳಿವೆ. ಊಟವಾದ ಮೇಲೆ ಬೇರೆಯವರು ಧಾರಾವಾಹಿ ನೋಡುವಾಗ ನಾನು ಯಾವ ವಾಚಿನ ಹಲ್ಲು ಯಾವ ಚಕ್ರಕ್ಕೆ ಕೂಡುತ್ತದೆ ಎಂದು ನೋಡುತ್ತಿರುತ್ತೇನೆ. ಅತ್ತೆಯ ಪ್ರಕಾರ ಇದು ಒಂದು ಬಗೆಯ ಕಾಯಿಲೆ.

ಹೋದ ಚಳಿಗಾಲದಲ್ಲಿ ಅತ್ತೆಯ ಕಣ್ಣಿನ ಪೊರೆ ತೆಗೆಸಿದೆವು. ಆಮೇಲೆ ಒಂದು ಶನಿವಾರ ಮಧ್ಯಾಹ್ನ ಅವರನ್ನು ತಪಾಸಣೆಗೆಂದು ನಿಪ್ಪಾಣಿಗೆ ಕರೆದುಕೊಂಡು ಹೋಗಿದ್ದೆ. ಎಲ್ಲ ಸ್ವಚ್ಛ ಕಾಣುತ್ತಿದೆ ಎಂದು ಡಾಕ್ಟರರು ಹೇಳಿದರು. ನನ್ನ ತಾಪತ್ರಯ ಶುರುವಾದದ್ದೇ ಅಲ್ಲಿಂದ. ಬಸ್ ಸ್ಟ್ಯಾಂಡಿಗೆ ಬರುವ ದಾರಿಯಲ್ಲಿ ಬಂಗಾರದ ದೊಡ್ಡ ಅಂಗಡಿಯೊಂದು ವಿದೇಶಿ ವಾಚುಗಳಿಗೆಂದೇ ಹೊಸ ಕೌಂಟರ್ ತೆರೆದಿತ್ತು. ಎರಡು ನಿಮಿಷ ಎಂದು ಹೇಳಿ ಅತ್ತೆಯನ್ನೂ ಒಳಗೆ ಕರೆದುಕೊಂಡು ಹೋದೆ. ಎರಡು ನಿಮಿಷ ಎಂದವರ ಮಾತು ಯಾರೂ ನಂಬಬಾರದು.

ಕೌಂಟರಿನ ಹಿಂದೆ ಟೈ ಕಟ್ಟಿದ ಸೇಲ್ಸ್‌ಮನ್ ಇದ್ದ. ಅರ್ಧ ಮರಾಠಿ, ಅರ್ಧ ಕನ್ನಡ, ಮಾತು ಮಾತ್ರ ಪೂರಾ ಸಕ್ಕರೆ. ಗಡಿ ಸೀಮೆಯವನು, ಹೆಂಗಸಿನ ಮುಖಕ್ಕಿಂತ ಮೊದಲು ಮಣಿಕಟ್ಟು ನೋಡುವುದು ಗೊತ್ತಿದ್ದವನು. ಅತ್ತೆಯ ಎರಡು ಬರಿಗೈ, ನನ್ನದೊಂದು ಬರಿಗೈ ಮತ್ತೊಂದು ಹಳೆಯ ವಾಚಿನ ಕೈ. ಲೆಕ್ಕ ಹಾಕಿ ಮುಗಿಸಿದ. ಮೊದಲು ಹುಣಸೆ ಬೀಜದಷ್ಟಗಲದ ಲೇಡೀಸ್ ವಾಚ್ ಇಟ್ಟ. ನಾನು ಅದನ್ನು ಬೆರಳಿನಿಂದ ಹಿಂದಕ್ಕೆ ಸರಿಸಿ ಸ್ಪೋರ್ಟ್ಸ್ ವಾಚ್ ತೋರಿಸು ಎಂದೆ. ಯಾರಿಗೆ, ಸಾಹೇಬರಿಗಾ ಎಂದು ಕೇಳಲು ಬಾಯಿ ತೆರೆದವನು ನನ್ನ ಕೈ ನೆನಪಾಗಿ ಮುಚ್ಚಿಕೊಂಡ. ನನಗೆ ಸಿಟ್ಟು ಬಂತು, ನಗುವೂ ಬಂತು.

ಮೊದಲು ಬಂದದ್ದು ಕಪ್ಪು ಡಯಲಿನ ಡೈವರ್ ವಾಚು. ಸಮುದ್ರದ ಆಳಕ್ಕೆ ಇಳಿಯುವವರಿಗೆ ಮಾಡಿದ್ದಂತೆ. ನಮಗೆ ಆಳ ಅಂದರೆ ದೂಧಗಂಗಾ ಹೊಳೆಯ ಮಡುವು, ಅದಕ್ಕೆ ಇಷ್ಟೆಲ್ಲ ಕಬ್ಬಿಣ ಬೇಕಾಗಿಲ್ಲ. ಆದರೆ ಕೈಗೆ ಹಾಕಿದ ಕೂಡಲೇ ತೂಕ ಹಿತವೆನಿಸಿತು, ಯಾರೋ ಮಣಿಕಟ್ಟು ಹಿಡಿದು ನಿಲ್ಲಿಸಿದ ಹಾಗೆ. ಡಯಲಿನ ಸುತ್ತಲಿನ ಬಳೆಯನ್ನು ತಿರುಗಿಸಿದರೆ ಕಟ್ ಕಟ್ ಎನ್ನುತ್ತ ಒಂದೇ ದಿಕ್ಕಿಗೆ ತಿರುಗುತ್ತದೆ, ಹಿಂದಕ್ಕೆ ಬರುವುದಿಲ್ಲ. ಖೋ ಖೋ ಪಾಳಿ ಎಷ್ಟು ಉಳಿಯಿತೆಂದು ನೋಡಲು ಇದಕ್ಕಿಂತ ಒಳ್ಳೆಯದಿಲ್ಲ. ಎಲ್ಲ ಚಂದವಿತ್ತು, ಮನಸ್ಸು ಮಾತ್ರ ಕುಣಿಯಲಿಲ್ಲ.

ಆಮೇಲೆ ಟೈಟಾನಿಯಮ್ಮಿನ ಬೂದು ವಾಚು. ಹಗುರ ಎಂದರೆ ಎಂಥ ಹಗುರ. ಕಟ್ಟಿಕೊಂಡ ಮೇಲೂ ಇದೆಯೋ ಇಲ್ಲವೋ ಎಂದು ಎರಡು ಸಲ ಮುಟ್ಟಿ ನೋಡಿಕೊಂಡೆ. ಜಗತ್ತಿನ ಎಲ್ಲ ವಿಡಿಯೋಗಳೂ ಇದನ್ನು ಹೊಗಳುತ್ತವೆ. ನನಗೆ ಉಪ್ಪಿಲ್ಲದ ಝುಣಕ ತಿಂದಂತಾಯಿತು. ಕೈಗೆ ಕಟ್ಟಿದ್ದು ಕೈಗೆ ಗೊತ್ತಾಗಬೇಕು.

ಮೂರನೆಯದು ಬಿಳಿ ಡಯಲಿನ ಕ್ರೋನೋಗ್ರಾಫು. ಇದಕ್ಕೆ ಮಾತ್ರ ಜೀವ ಹೋಗುವಷ್ಟು ಆಸೆಯಾಯಿತು. ಬದಿಯ ಗುಂಡಿ ಒತ್ತಿದರೆ ಮುಳ್ಳು ಓಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಒಂದೇ ಏಟಿಗೆ ಸೊನ್ನೆಗೆ ಹಾರಿ ಕೂಡುತ್ತದೆ. ಬೇಕಿಲ್ಲದಿದ್ದರೂ ಒತ್ತಿದೆ, ಮತ್ತೆ ಮತ್ತೆ ಒತ್ತಿದೆ, ಸೇಲ್ಸ್‌ಮನ್ ಕೆಮ್ಮುವವರೆಗೂ ಒತ್ತಿದೆ. ಆದರೆ ಒಳಗಿನ ಪುಟ್ಟ ಡಯಲುಗಳ ಅಂಕಿ ಓದಲು ಚಾಳೀಸು ಬೇಕು. ಚಾಳೀಸು ಹುಡುಕಿ ಮೂಗಿನ ಮೇಲಿಡುವಷ್ಟರಲ್ಲಿ ಹುಡುಗಿ ಔಟಾಗಿ, ನೀರು ಕುಡಿದು, ಮನೆ ಸೇರಿರುತ್ತಾಳೆ. ಮನಸ್ಸಿಲ್ಲದೆ ಬಿಚ್ಚಿಕೊಟ್ಟೆ.

ಕಪ್ಪು, ಬೂದು, ಬಿಳಿ. ಇವನು ನನ್ನ ಬರಿಗೈ ನೋಡಿ ಬಣ್ಣ ಹಂಚುತ್ತಿದ್ದಾನೆ ಎಂದು ಆಗ ಹೊಳೆಯಿತು. ಕೆಳಗಿನ ಗಾಜಿನೊಳಗೆ ಇನ್ನೊಂದು ಇತ್ತು. ಅಂಗಡಿಗೆ ಕಾಲಿಟ್ಟಾಗಲೇ ಕಂಡಿತ್ತು. ಅದನ್ನು ತೆಗೆ ಎಂದೆ. ಅದು ಗ್ರೀನ್ ಇದೆ ಎಂದು ಅವನು ಮೆತ್ತಗೆ ಹೇಳಿ ಅತ್ತೆಯ ಕಡೆ ನೋಡಿದ. ನನಗೂ ಕಣ್ಣಿದೆ ಎಂದೆ.

ಹಸಿರು ಡಯಲು, ಸುತ್ತಲೂ ಹಸಿರು ಬಳೆ, ಉಕ್ಕಿನ ಪಟ್ಟಿ. ನೆರಳಿನಲ್ಲಿ ಕಪ್ಪೆನಿಸುತ್ತಿತ್ತು. ದೀಪದ ಕೆಳಗೆ ಕೈ ಹೊರಳಿಸಿದೆ, ಒಳಗಿನಿಂದ ಬಣ್ಣ ಎದ್ದು ಬಂತು. ಬಳೆಗಾರ ನನ್ನ ಕೈ ಹಿಂಡಿ ಹಿಂಡಿ ತೊಡಿಸುತ್ತಿದ್ದ ಅದೇ ಹಸಿರು. ಕೈ ಇಳಿಸಿದಾಗ ಪಟ್ಟಿ ಮಣಿಕಟ್ಟಿಗೆ ಜಾರಿ ಸಣ್ಣಗೆ ಸಪ್ಪಳ ಮಾಡಿತು. ನನ್ನ ಕೈಯಿಂದ ಸಪ್ಪಳ ಬಂದು ಎಷ್ಟು ಕಾಲವಾಗಿತ್ತು. ಮತ್ತೊಮ್ಮೆ ಕೈ ಎತ್ತಿ ಇಳಿಸಿದೆ. ಅಳಲಿಲ್ಲ, ಆದರೆ ಅಳು ಬಂದದ್ದು ನಿಜ.

ಅಲ್ಲಿಯವರೆಗೆ ಸ್ಟೂಲಿನ ಮೇಲೆ ಸುಮ್ಮನೆ ಕೂತಿದ್ದ ಅತ್ತೆ ಬಗ್ಗಿ ನನ್ನ ಕೈ ನೋಡಿದರು. ಹೊಸ ಕಣ್ಣು, ಬಣ್ಣ ತಪ್ಪುವುದಿಲ್ಲ.

"ನೀನಽ ಹೇಳಿದ್ದಿ, ವಾಚ್ ದಾಗೀನ ಅಲ್ಲಂತ," ಎಂದರು. "ದಾಗೀನ ಅಲ್ಲಂದ್ರ ಬಣ್ಣ ತಗೊಂಡ ಏನ್ ಮಾಡ್ತಿ? ಕರೇದ ತಗೋ."

ನನ್ನದೇ ವಾದ. ಇಷ್ಟು ವರ್ಷ ಗಂಟು ಕಟ್ಟಿ ಇಟ್ಟುಕೊಂಡು ಸರಿಯಾದ ಹೊತ್ತಿಗೆ ಬಿಚ್ಚಿದರು. ಅವರ ದನಿಯಲ್ಲಿ ಕೆಟ್ಟತನವಿರಲಿಲ್ಲ, ಅದೇ ಕಷ್ಟ. ಅವರೂ ತಮ್ಮ ಕೈ ಬರಿದಾದ ಮೇಲೆ ಹಸಿರು ಮುಟ್ಟಿದವರಲ್ಲ, ಹಸಿರು ಸೀರೆ ಉಡುಗೊರೆ ಬಂದರೂ ಮಗಳಿಗೆ ದಾಟಿಸಿದವರು. ಹೂಂ ಎಂದು ಕಪ್ಪು ವಾಚು ಕಟ್ಟಿಸಿಕೊಂಡು ಬಂದಿದ್ದರೆ ಮನೆ ತಣ್ಣಗಿರುತ್ತಿತ್ತು. ಶಾಲೆಗೆ ಹಾಕಲೂ ಅದು ಸಾಕಿತ್ತು.

ಆದರೆ ಕೊಕಟನೂರ ಯಲ್ಲಮ್ಮನಿಗೆ ನಡೆದುಕೊಳ್ಳುವ ಮನೆತನ ನಮ್ಮದು. ಒಂದು ಹುಣ್ಣಿಮೆಗೆ ಗಂಡ ಸತ್ತನೆಂದು ಆ ತಾಯಿಯ ಬಳೆಯೂ ಒಡೆಯುತ್ತದೆ ಎಂದು ಅತ್ತೆಯೇ ನನಗೆ ಹೇಳಿದ್ದರು. ಮುತ್ತೈದೆ ಹುಣ್ಣಿಮೆ ಬಂತೆಂದರೆ ಅವಳು ಮತ್ತೆ ಹಸಿರು ಬಳೆ ತೊಡುತ್ತಾಳೆ, ನಾವೇ ಉಡಿ ತುಂಬುತ್ತೇವೆ, ಕೈ ಮುಗಿಯುತ್ತೇವೆ. ದೇವರಿಗೆ ಮರಳಿ ಬರುವ ಹುಣ್ಣಿಮೆ ನನಗೆ ಮಾತ್ರ ಏಕೆ ಬರುವುದಿಲ್ಲ? ನನ್ನ ಕೈ ಏನು ತಪ್ಪು ಮಾಡಿದೆ? ಇದನ್ನೆಲ್ಲ ಅಂಗಡಿಯಲ್ಲಿ ಹೇಳಲಿಲ್ಲ. ಹೇಳಿದ್ದು ಇಷ್ಟೇ.

"ಅವತ್ತ ದಾಗೀನ ಅಲ್ಲಂದಿದ್ದು ನೀವ್ ಕೊಡಲಿ ಅಂತ್ರಿ ಅತ್ತಿ. ಇದು ದಾಗೀನಽ ಐತಿ. ಅದಕ್ಕಽ ಬೇಕು."

ಅತ್ತೆ ಸ್ಟೂಲಿನಿಂದ ಎದ್ದು ಬಾಗಿಲ ಕಡೆ ನಡೆದರು. ನಾನು ಸೇಲ್ಸ್‌ಮನ್ನಿಗೆ ಪಟ್ಟಿಯ ಹೆಚ್ಚಿನ ಕೊಂಡಿ ತೆಗೆದು, ಸಪ್ಪಳ ಬರುವಷ್ಟು ಸಡಿಲ ಬಿಟ್ಟು ನನ್ನ ಕೈಗೆ ಸರಿಮಾಡಲು ಹೇಳಿದೆ. ಡಬ್ಬಿಯಲ್ಲಿ ಹಾಕಿ ಕೊಡಲೇ ಎಂದ. ಹಳೆಯದನ್ನು ಡಬ್ಬಿಯಲ್ಲಿ ಹಾಕು, ಇದು ಕೈಯಲ್ಲೇ ಇರಲಿ ಎಂದೆ. ಬೆಲೆ ಇಲ್ಲಿ ಬರೆಯುವುದಿಲ್ಲ, ಬರೆದರೆ ನೀವೂ ಅತ್ತೆಯ ಪಕ್ಷ ಸೇರುತ್ತೀರಿ.

ಚಿಕ್ಕೋಡಿ ಬಸ್ಸಿನಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು. ಅತ್ತೆ ಕಿಟಕಿಯ ಕಡೆ ಮುಖ ಮಾಡಿ ಕೂತರು. ಬಸ್ಸು ಹೊರಡುವ ಹೊತ್ತಿಗೆ ನಮ್ಮ ಓಣಿಯ ಹೆಂಗಸರಿಬ್ಬರು ಹತ್ತಿದರು. ಒಬ್ಬಳು ಆ ದಿನ ನನ್ನ ಬಳೆ ಒಡೆಯುವಾಗ ಕೈ ಹಿಡಿದು ಕೂತವಳು. ಅವರನ್ನು ಕಂಡ ಕೂಡಲೇ ಅತ್ತೆ ನನ್ನ ಸೆರಗಿನ ಚುಂಗು ಎಳೆದು ಮೆಲ್ಲಗೆ ನನ್ನ ಎಡಗೈಯ ಮೇಲೆ ಹಾಕಿದರು.

"ಕೈ ಮುಚ್ಕೋ," ಎಂದರು. "ನೋಡ್ತಾರ."

ನಾನು ಸೆರಗು ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಎದ್ದು ನಿಂತೆ, ಕಂಡವರಿಗೆಲ್ಲ ಕಾಣಲಿ ಎಂದು ಎಡಗೈ ಮೇಲೆತ್ತಿ ಬಸ್ಸಿನ ಸರಳು ಹಿಡಿದೆ. ಪಟ್ಟಿ ಸಪ್ಪಳ ಮಾಡುತ್ತ ಮಣಿಕಟ್ಟಿನ ಕೆಳಗೆ ಸರಿದು ನಿಂತಿತು. ಸೀಟು ಖಾಲಿಯೇ ಇತ್ತು, ಕಂಡಕ್ಟರ್ ಕೂಡ್ರಿ ಎಂದು ಹೇಳಿಯೂ ಹೋದ. ಚಿಕ್ಕೋಡಿ ಬರುವವರೆಗೂ ನಾನು ಕೈ ಇಳಿಸಲಿಲ್ಲ.