ದೇವಿ ಹುಂಜ, ಅತ್ತಿ ಕೋಳಿ

ನಮ್ಮ ಅತ್ತಿಯವರಿಗೆ ಯಾರ ನೆನಪೂ ಉಳಿದಿಲ್ಲ. ಹೆತ್ತ ಮಗನ್ನ, ಅಂದ್ರ ನನ್ನ ಗಂಡನ್ನ ನೋಡಿ "ಯಾವೂರಾತು ತಮ್ಮಾ?" ಅಂತ ಕೇಳ್ತಾರ. ನಾನಂತೂ ಒಂದಿನ ಅವರ ತಂಗಿ, ಒಂದಿನ ಬಾಜು ಮನಿಯಾಕಿ. ಅವರು ಗುರ್ತು ಹಿಡೀತಿದ್ದ ಜೀವ ಒಂದ, ನಮ್ಮ ಹಿತ್ತಲದ ಕೆಂಪ ಜವಾರಿ ಕೋಳಿ. ಮುಂಜಾನೆ ಅದು ಹೊಸ್ತಿಲಾ ದಾಟಿ ಒಳಗ ಬರೂದು, ಅತ್ತಿ "ಬಂದ್ಯಾ ನನ್ನವ್ವಾ" ಅನ್ನೂದು. ಅದಕ್ಕೊಂದು ಭಕ್ರಿ ಚೂರು ಹಾಕಿ ತಾವೊಂದು ತುತ್ತು ತಿನ್ನೂದು. ಕೋಳಿ ಇದ್ರ ಊಟ, ಇಲ್ಲಂದ್ರ ಗ್ವಾಡಿ ಕಡೆ ಮಾರಿ ತಿರುವಿ ಬಾಯಿ ಬಿಗಿ ಹಿಡದು ಕುಂತುಬಿಡ್ತಿದ್ರು.

ಆ ಕೋಳಿ ಸೊರಗಾಕ ಹತ್ತಿತು. ಜುಟ್ಟು ಬೆಳ್ಳಗಾತು, ರೆಕ್ಕಿ ಜೋತುಬಿದ್ದವು, ಎತ್ತಿದ್ರ ಎದಿ ಎಲುಬು ಅಂಗೈಗೆ ಚುಚ್ಚತಿತ್ತು. ಒಂದಿನ ಅಂಗಳಾ ಕಸಾ ಹೊಡಿವಾಗ ಅದರ ಹಿಕ್ಕಿಯಾಗ ಶಾವಿಗಿ ಎಳಿಯಂಥಾ ಬಿಳಿ ಹುಳಾ ಕಂಡವು. ಕೋಳಿ ಹೋದ್ರ ಹಿಂದಿಂದ ಅತ್ತಿನೂ ಅನ್ನ ಬಿಡ್ತಾರ, ಅದರಾಗ ನನಗ ಅನುಮಾನನ ಇರಲಿಲ್ಲ.

ನಾ ದಿನಾ ಖಾನಾಪುರದಿಂದ ಬಸ್ ಹಿಡದು ಬೆಳಗಾವಿಗೆ ಆಫೀಸಿಗೆ ಹೋಗಾಕಿ. ಅವತ್ತು ಊಟದ ಸುಟ್ಟಿಯಾಗ ಡಬ್ಬಿ ಬಿಚ್ಚಲಾರದ ಖಾಸಬಾಗದ ಕಡೆ ಓಡಿದೆ. ಅಲ್ಲಿ ಒಬ್ರು ದನದ ಡಾಕ್ಟರ್ ಅದಾರ. ನಾ ಉಸಿರು ಬಿಡದ ಎಲ್ಲಾ ಹೇಳಿದೆ. "ಔಷಧ ಕೊಡ್ತೀನ್ರಿ ಅಕ್ಕಾರ, ನೀರಾಗ ಕಲಿಸಿ ಕುಡಸ್ರಿ," ಅಂದ್ರು. "ಆದ್ರ ಆ ಹಿತ್ತಲದಾಗ ತಿರಗೂ ಕೋಳಿ ಎಲ್ಲಾಕ್ಕೂ ಒಮ್ಮೆಲೆ ಆಗಬೇಕು. ಒಂದು ಉಳೀತಂದ್ರ ಅದರ ಹಿಕ್ಕಿಯಿಂದ ಎಲ್ಲಾಕ್ಕೂ ಮತ್ತ ಹುಳಾ ಹತ್ತತಾವ."

ಮರುದಿನ ಬೆಳಕ ಹರಿಯೂದ್ರಾಗ ಪರಾತದಾಗ ಔಷಧದ ನೀರು ಇಟ್ಟು ನಮ್ಮ ಕೋಳಿ ಎಲ್ಲಾ ಬಿಟ್ಟೆ. ಅವು ಪರಾತದ ಕಡೆ ಕಣ್ಣೆತ್ತಿನೂ ನೋಡ್ಲಿಲ್ಲ. ಸೀದಾ ಬಚ್ಚಲ ಮೋರಿಗೆ ಹೋಗಿ, ಸಾಬಾಣ ಬುರುಗಿನ ನೀರು ಗಟಗಟ ಕುಡದು, ಕತ್ತ ಮ್ಯಾಲೆತ್ತಿ ನನ್ನ ನೋಡಿದವು. ಎಂಥಾ ಹಡಬಿಟ್ಟಿ ಜಾತಿ ಇವು! ಕಡೀಕೆ ಎಲ್ಲಾವನ್ನೂ ಹಿಡದು ಬುಟ್ಟಿ ಬೋರಲ ಹಾಕಿ ಮುಚ್ಚಿ, ಒಂದಿಷ್ಟು ಹೊತ್ತು ನೀರ ಕೊಡಲಾರದ ಇಟ್ಟು, ಆಮ್ಯಾಲ ಔಷಧ ಕುಡಸಿದೆ. ಬೆಳಗಾವಿ ಬಸ್ಸೂ ತಪ್ಪಿತು, ಆಫೀಸಿನಾಗ ಬೈಗುಳನೂ ಬಿತ್ತು.

ಉಳದದ್ದು ಬಾಜು ಮನಿ ಮರಾಠಿ ವೈನಿಯ ಹುಂಜ. ಅದು ಬರೇ ಹುಂಜ ಅಲ್ಲ, ದೇವಿಗೆ ಬಿಟ್ಟ ಹುಂಜ. ವೈನಿ ಮಗಳಿಗೆ ಭಾಳ ವರ್ಷಕ್ಕ ಹೊಟ್ಟಿ ನಿಂತಿತ್ತು. ಹೆರಿಗಿ ಸುಸೂತ್ರ ಆಗಲಿ ಅಂತ ಬೇಡಿಕೊಂಡು ಬಿಟ್ಟಿದ್ರು. ನಮ್ಮ ಕಡೆ ಹಂಗ ಬಿಟ್ಟ ಹುಂಜನ್ನ ಯಾರೂ ಕಟ್ಟಂಗಿಲ್ಲ, ಬುಟ್ಟಿ ಮುಚ್ಚಂಗಿಲ್ಲ, ಔಷಧ ಹಾಕಂಗಿಲ್ಲ. ಅದು ರಾಜಾರೋಷ ನಮ್ಮ ಪೇರಲ ಗಿಡದಾಗ ಮಲಗತಿತ್ತು, ನಮ್ಮ ಅಂಗಳದಾಗ ಹೇತು ಹೋಗತಿತ್ತು.

"ವೈನಿ, ನಿಮ್ಮ ಕಾಲಿಗೆ ಬೀಳ್ತೀನ್ರಿ, ಒಂದ ಸಲ ಕುಡಸೂಣು," ಅಂದೆ.

"ನಕೋ ಬಾಯಿ, ನಕೋ!" ಅಂತ ವೈನಿ ಎರಡೂ ಕೈ ಮುಂದ ಮಾಡಿ ಹಿಂದ ಸರದ್ರು. "ಮಗಳಿಗೆ ದಿನಾ ತುಂಬಾಕ ಬಂದಾವ. ದೇವಿ ಸೊತ್ತಿಗೆ ನಾ ಹೆಂಗ ಕೈ ಹಚ್ಚಲಿ? ನಿನಗಷ್ಟು ಜರೂರ ಇದ್ರ ನಡಿ, ದೇವಿನ್ನ ಕೇಳೂಣು. ಬಲಕ್ಕ ಹೂ ಕೊಟ್ರ ಕುಡಸು."

ಕದ್ದು ಕುಡಸಾಕ ನನ್ನ ಕೈ ತುರಿಸಿದ್ದು ಖರೇ. ಆದ್ರ ನಾಳೆ ಆ ಹುಡುಗಿಗೆ ಏನರ ಹೆಚ್ಚುಕಮ್ಮಿ ಆದ್ರ? ಆ ಮಾತಿಗೆ ಹೆದರಿ ಸುಮ್ಮನಾದೆ.

ಶುಕ್ರವಾರ ಇಬ್ಬರೂ ಗುಡಿಗೆ ಹೋದ್ವಿ. ಪೂಜಾರಿ ದೇವಿ ಮೈಮ್ಯಾಲ ಒದ್ದಿ ಹೂ ಹಚ್ಚಿದ್ರು. ನಾನು ವೈನಿ ಕಣ್ಣ ಮಿಟುಕಿಸಲಾರದ ಕುಂತ್ವಿ. ಹೂ ಜಪ್ಪಯ್ಯ ಅನಲಿಲ್ಲ. "ಮುಂದಿನ ವಾರ ಬರ್ರಿ," ಅಂದ್ರು ಪೂಜಾರಿ. ಮುಂದಿನ ವಾರ ಎಡಕ್ಕ ಬಿತ್ತು. ನನಗ ತಲಿ ಕೆಟ್ಟು ಹೋತು. ಗುಡಿಯಾಗ ನಿಂತ ಜೋರಾಗಿ ಅಂದುಬಿಟ್ಟೆ: "ಯವ್ವಾ, ನಿನಗೂ ಒಬ್ಬಾಕಿ ಅತ್ತಿ ಇದ್ದಿದ್ರ ಗೊತ್ತಾಗತಿತ್ತು!" ವೈನಿ ನನ್ನ ಬಾಯಿ ಮ್ಯಾಲ ಕೈ ಇಟ್ರು.

ಹುಂಜಕ್ಕ ಔಷಧ ಆಗೂ ಮಟ ಮತ್ತ ಹುಳಾ ಹತ್ತಬಾರದಂತ ನಾ ಕೆಂಪ ಕೋಳಿನ್ನ ನೆಲಕ್ಕ ಬಿಡಲಿಲ್ಲ. ಹಿಂದಿನ ಖೋಲ್ಯಾಗ ಗೋಣಿಚೀಲ ಹಾಸಿ ಕೂಡಿ ಹಾಕಿದ್ದೆ. ಒಂದ್ಸಲ ಎತ್ತಿಕೊಂಡು ಅತ್ತಿ ಮುಂದ ತಂದೆ. ಕೂಡಿ ಹಾಕಿದ್ದಕ್ಕ ಹುಚ್ಚೆದ್ದಿತ್ತು, ರೆಕ್ಕಿ ಬಡದು ಅತ್ತಿ ಕೈ ಪರಚಿ ರಕ್ತಾ ಬರಿಸಿತು. ಮತ್ತ ತರಲಿಲ್ಲ. ಮದಲ ಮದಲ ಅತ್ತಿ ಬಾಗಲ ನೋಡಿ "ನನ್ನವ್ವ ಎಲ್ಲಿ?" ಅಂತ ಅಳತಿದ್ರು. ನಾ ರಮಿಸಿ, ಗದರಿಸಿ, ಕೈ ಮುಗದು ಚಮಚಾದಾಗ ಗಂಜಿ ಹಾಕತಿದ್ದೆ. ಅರ್ಧಾ ಸೆರಗಿನ ಮ್ಯಾಲ ಚೆಲ್ಲತಿತ್ತು. ಅವರ ಸೊರಗಿದ ಕೈಯಾಗಿನ ಬಳಿಗೋಳು ಮೊಣಕೈ ತನಕಾ ಸರದು ಬರತಿದ್ದವು. ಬರಬರತ ಕೇಳೂದು ಬಿಟ್ರು. ಅತ್ತಿ ಸಮಾಧಾನ ಆದ್ರು ಅಂತ ನಾ ತಿಳಕೊಂಡೆ.

ಮೂರನೇ ಸಲಕ್ಕ ಹೂ ಬಲಕ್ಕ ಬಿತ್ತು. ವೈನಿ ತಾವ ಹುಂಜನ್ನ ಹಿಡದು ಕೈ ಮುಗದು, "ಚುಕಲ, ತಪ್ಪಾತು, ಮಾಪ ಮಾಡವ್ವಾ," ಅಂತ ಔಷಧ ಕುಡಿಸಿದ್ರು. ನಾ ತಿಪ್ಪಿ ದೂರ ಹಾಕಿಸಿ, ಅಂಗಳದ ಮ್ಯಾಲಿನ ಮಣ್ಣ ಕೆತ್ತಿ, ಸುಣ್ಣಾ ಉಗ್ಗಿದೆ. ಡಾಕ್ಟರ್ ಹೇಳಿದಂಗ ಇನ್ನೊಂದು ಸುತ್ತೂ ಕುಡಿಸಿದೆ. ಕೆಂಪ ಕೋಳಿ ಜುಟ್ಟು ಮತ್ತ ಕೆಂಪಾತು, ಎದಿ ಮ್ಯಾಲ ಮಾಂಸಾ ಬಂತು.

ಒಂದು ರವಿವಾರ ಬಾಗಲಾ ತಗದು ಬಿಟ್ಟೆ. ಅದು ಹೊಸ್ತಿಲಾ ದಾಟಿ ಸೀದಾ ಅತ್ತಿ ತಾಟಿನ ಹತ್ರ ಬಂದು ನಿಂತು ಕೊಕ್ ಅಂತು. ನಾ ಖುಷಿಗೆ ಅಡಗಿ ಮನಿಯಾಗ ನಿಂತಲ್ಲೆ ಅಳಾಕ ಹತ್ತಿದ್ದೆ.

"ಹುಶ್!" ಅಂದ್ರು ಅತ್ತಿ.

ಕೋಳಿ ಇನ್ನೊಂದು ಹೆಜ್ಜಿ ಮುಂದ ಬಂತು. ಅತ್ತಿ ತಾಟು ಹಿಂದಕ್ಕ ಎಳಕೊಂಡು ನನ್ನ ಕಡೆ ನೋಡಿದ್ರು. "ಯಾರದು ಈ ಕೋಳಿ, ತಂಗಿ? ಮಂದಿ ಕೋಳಿ ಮನಿಯಾಗ ಇಟ್ಕೋಬಾರದು. ಪಾಪ, ಅವರು ಹುಡಕಾಡ್ತಿರಬೇಕು."

"ಅತ್ತಿ, ಇದು ನಿಮ್ಮದ ರೀ. ನಿಮ್ಮವ್ವ. ನೋಡ್ರಿ ಛಂದಂಗ."

"ನನ್ನದಲ್ಲ. ಹೋಗಿ ಕೊಟ್ಟ ಬಾ. ಅಲ್ಲೀ ಮಟ ನಾ ಉಣ್ಣಂಗಿಲ್ಲ."

ಭಕ್ರಿ ಹಂಗ ಇತ್ತು. ನಾ ಎಷ್ಟು ಹೇಳಿದ್ರೂ ಕೈ ಹಚ್ಚಲಿಲ್ಲ. ಮಧ್ಯಾಹ್ನ ಆತು. ಮಗಾ ಬಂದು ಹೇಳಿದಾ, "ನೀ ಯಾರಪಾ?" ಅಂದ್ರು. ಕಡೀಕೆ ನಾ ಕೋಳಿನ್ನ ಎತ್ತಿಕೊಂಡು ಬಾಜು ಮನಿಗೆ ಹೋದೆ. ವೈನಿ ಉಡಿಯಾಗ ಇಟ್ಟು, "ಇದನ್ನ ನೀವ ಇಟ್ಕೋರಿ," ಅಂದೆ. ಅವರು ಒಳಗ ಒಯ್ದು ಬುಟ್ಟಿ ಮುಚ್ಚಿದ್ರು.

ಬರಿಗೈಲೆ ತಿರುಗಿ ಬಂದೆ. ಅತ್ತಿ ನನ್ನ ಕೈ ನೋಡಿದ್ರು.

"ಕೊಟ್ಯಾ?"

"ಕೊಟ್ಟೆ ರೀ."

"ಖುಷಿ ಆದ್ರಿಲ್ಲೋ ಅವರು?"

"ಭಾಳ ಖುಷಿ ಆದ್ರು ರೀ."

ಅತ್ತಿ ತಾಟು ಮುಂದ ಎಳಕೊಂಡು, ಆರಿ ಬಿರುಸಾದ ಭಕ್ರಿ ಮುರದು, ತಾವ ಕೈಯ್ಯಾರೆ ಪೂರ್ತಿ ಉಂಡ್ರು.